ಜೋಡಿಯಕ್ಕನ ಬರಿಗಾಲು

ಶೂ ಕಾರ್ಖಾನೆಯ ಗೇಟಿನೊಳಗೆ, ಹಾಜರಿ ಹಾಕುವ ಯಂತ್ರದ ಪಕ್ಕದ ಗೋಡೆಗೆ ಒಂದು ದೊಡ್ಡ ಚಿತ್ರ ಅಂಟಿಸಿದ್ದರು. ಚಿತ್ರದಲ್ಲಿ ಒಂದು ಎಡಗಾಲು, ಮೊಣಕಾಲಿನ ತನಕ ಬಿಳಿ ಪ್ಲಾಸ್ಟರ್, ತುದಿಯಲ್ಲಿ ಊದಿಕೊಂಡ ಐದು ಬೆರಳು. ಕೆಳಗೆ ಕೆಂಪಕ್ಷರದಲ್ಲಿ ‘ಬರಿಗಾಲಿನ ಫಲ’ ಅಂತ ಬರೆದಿತ್ತು. ಕಾಲು ಯಾರದು ಅಂತ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಗೇಟಿನ ಹತ್ತಿರ ಮಲಗುವ ನಾಯಿಗೂ ಅದು ಜೋಡಿಯಕ್ಕನ ಕಾಲು ಅಂತ ಗೊತ್ತಿತ್ತು.

ನಮ್ಮದೇ ಕಾಲನ್ನು ದಿನಾ ಬೆಳಿಗ್ಗೆ ಗೋಡೆಯ ಮೇಲೆ ನೋಡಿಕೊಂಡು ಕೆಲಸಕ್ಕೆ ಹೋಗುವುದು ಅಂದರೆ ಏನು ಅಂತ ಬಾಯಿಮಾತಿನಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ಮ್ಯಾನೇಜರು ಹಣ್ಣಿನ ಬುಟ್ಟಿ ಹಿಡಿದುಕೊಂಡು ನೋಡಲು ಬಂದಿದ್ದರು. ಜೊತೆಗೆ ಸೇಫ್ಟಿ ಸಾಹೇಬರು. ಕಾರ್ಖಾನೆಯಲ್ಲಿ ಯಾರಿಗೂ ಪೆಟ್ಟಾಗದಂತೆ ನೋಡಿಕೊಳ್ಳುವುದು ಇವರ ಕೆಲಸ, ಮಾಡುವುದು ಮಾತ್ರ ಭಾಷಣ. "ಒಂದು ಫೋಟೋ ತೆಗೀಲಾ ಅಕ್ಕಾ?" ಅಂದರು. ಪಾಪ, ಪ್ರೀತಿಯಿಂದ ಕೇಳುತ್ತಿದ್ದಾರೆ ಅಂದುಕೊಂಡು ಅವಳು ಕೂದಲು ಸರಿಮಾಡಿಕೊಂಡು ನಕ್ಕಳು. ಆ ಮಹಾನುಭಾವ ಮುಖ ಬಿಟ್ಟು ಕಾಲಿನ ಚಿತ್ರ ತೆಗೆದುಕೊಂಡು ಹೋದ.

ಜೋಡಿಯಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವಳ ಕೆಲಸವೇ ಜೋಡಿ ನೋಡುವುದು. ಹೊಲಿದು, ಸೋಲ್ ಅಂಟಿಸಿ, ಒರೆಸಿ ಕಳಿಸಿದ ಶೂಗಳು ಅವಳ ಮೇಜಿನ ಮೇಲೆ ಎಡದ್ದೊಂದು ರಾಶಿ, ಬಲದ್ದೊಂದು ರಾಶಿಯಾಗಿ ಬಂದು ಬೀಳುತ್ತವೆ. ಅವಳು ಒಂದು ಎಡ, ಒಂದು ಬಲ ಎತ್ತಿಕೊಂಡು ಸೋಲಿಗೆ ಸೋಲ್ ಕೂಡಿಸುತ್ತಾಳೆ, ಕೈಮುಗಿದ ಹಾಗೆ. ಹಿಮ್ಮಡಿಗೆ ಹಿಮ್ಮಡಿ, ತುದಿಗೆ ತುದಿ ಕೂತರೆ ಪೆಟ್ಟಿಗೆಗೆ ಹಾಕುತ್ತಾಳೆ, ಕೂರದಿದ್ದರೆ ಮೇಜಿನ ಕೆಳಗಿನ ಬುಟ್ಟಿಗೆ. ಅವಳ ಕೈ ದಾಟದೆ ಆ ಕಾರ್ಖಾನೆಯಿಂದ ಒಂದು ಜೋಡಿಯೂ ಹೊರಗೆ ಹೋಗುವಂತಿಲ್ಲ.

ಗಂಡನೂ ಅಲ್ಲೇ, ಮಾದರಿ ಕೋಣೆಯಲ್ಲಿ. ಹೊಸ ನಮೂನೆಯ ಶೂ ಬಂದಾಗ ಮೊದಲು ಕೈಯಲ್ಲಿ ಹೊಲಿದು, ಕಾಲಿನ ಆಕಾರದ ಅಚ್ಚಿನ ಮೇಲೆ ಎಳೆದು ಕೂರಿಸಿ, ಸಗಟು ಕೊಳ್ಳುವವರಿಗೆ ತೋರಿಸಲು ಸಿದ್ಧ ಮಾಡುವವನು. ಅಲ್ಲಿನ ಪದ್ಧತಿ ಏನಪ್ಪಾ ಅಂದರೆ, ಮಾದರಿ ಅಂತ ಹೊಲಿಯುವುದು ಬಲಗಾಲಿನದ್ದು ಮಾತ್ರ. ಒಂದನ್ನು ನೋಡಿದರೆ ಇನ್ನೊಂದು ಹೇಗಿರುತ್ತದೆ ಅಂತ ಗೊತ್ತಾಗುತ್ತದಲ್ಲ, ಎರಡು ಯಾಕೆ ದಂಡ? "ನನ್ನ ಮಗ ಅರ್ಧ ಜೋಡಿ ಹೊಲಿದು ಪೂರ್ತಿ ಸಂಬಳ ತರ್ತಾನೆ" ಅಂತ ಅತ್ತೆ ಬಂದವರೆದುರು ಹೇಳಿ ನಗುತ್ತಿದ್ದರು. ಒಳ್ಳೆ ಕೈ ಅವನದು. ತಲೆ ತಗ್ಗಿಸಿಕೊಂಡು ಕೆಲಸ ಮಾಡುವವನು, ದೊಡ್ಡವರಿಗೆ ಎದುರು ಮಾತಾಡಿದವನೇ ಅಲ್ಲ. ಅದನ್ನು ಎಲ್ಲರೂ ಗುಣ ಅಂತಲೇ ಹೊಗಳುತ್ತಿದ್ದರು.

ಇನ್ನು ಅವಳು ಓಡುವವಳು. ಚಿಕ್ಕಂದಿನಿಂದಲೂ ಓಟ, ಅದೂ ಬರಿಗಾಲಲ್ಲಿ. ಪಾಳಿಗೆ ಮುಂಚೆ, ಬೀದಿಯ ತುದಿಯಲ್ಲಿರುವ ಶಾಲೆಯ ಮೈದಾನದಲ್ಲಿ. ಪದಕಕ್ಕೂ ಅಲ್ಲ, ತೂಕ ಇಳಿಸುವುದಕ್ಕೂ ಅಲ್ಲ. ಮನೆಯಲ್ಲಿ ಅತ್ತೆ ಕರೆಯುತ್ತಾರೆ, ಗಂಡ ಕರೆಯುತ್ತಾನೆ, ಕಾರ್ಖಾನೆಯಲ್ಲಿ ಬೆಲ್ಲು ಕರೆಯುತ್ತದೆ. ಓಡುವಾಗ ಯಾರೂ ಕರೆಯುವುದಿಲ್ಲ, ಅಷ್ಟೇ. ಮಣ್ಣು ಒದ್ದೆಯೋ ಒಣಗಿದೆಯೋ, ಕಲ್ಲೆಲ್ಲಿದೆ, ಹುಲ್ಲೆಲ್ಲಿದೆ ಅಂತ ಅಂಗಾಲೇ ಹೇಳುತ್ತಿತ್ತು, ಕಣ್ಣು ಹಾಯಾಗಿ ಆಕಾಶ ನೋಡಬಹುದಿತ್ತು. ಎದುರುಮನೆಯ ದರ್ಜಿ ದಿನಾ ಕಿಚಾಯಿಸುತ್ತಿದ್ದ. "ಶೂ ಕಾರ್ಖಾನೆಯವರಿಗೇ ಶೂ ಗತಿ ಇಲ್ಲ ಅಂದ್ಮೇಲೆ ನಮ್ಮಂಥವರ ಕಥೆ ಏನು?" ಅನ್ನುತ್ತಿದ್ದ. "ಮಿಠಾಯಿ ಅಂಗಡಿಯವನು ಮೂರು ಹೊತ್ತೂ ಮಿಠಾಯಿ ತಿಂತಾನಾ?" ಅಂತ ಅವಳು ಹೋಗುತ್ತಾ ಹೋಗುತ್ತಲೇ ಬಾಯಿ ಮುಚ್ಚಿಸುತ್ತಿದ್ದಳು.

ಈ ಓಟ ಯಾರ ಹೊಟ್ಟೆಯ ಮೇಲೆ ಹೊಡೆದಿತ್ತೋ ಗೊತ್ತಿಲ್ಲ. ಕಾರ್ಖಾನೆ ವರ್ಷಕ್ಕೊಮ್ಮೆ ಕೆಲಸಗಾರರಿಗೆ ಓಟದ ಸ್ಪರ್ಧೆ ಇಡುತ್ತದೆ. ಹೆಂಗಸರಲ್ಲಿ ಪ್ರತಿಸಲ ಅವಳೇ ಮೊದಲು, ಪ್ರತಿಸಲ ಬರಿಗಾಲು. ಕಳೆದ ವರ್ಷ ಓಟದ ಹಿಂದಿನ ದಿನ ಮಧ್ಯಾಹ್ನ ಮ್ಯಾನೇಜರಿಗೆ ಜ್ಞಾನೋದಯವಾಯಿತು. ಶೂ ಮಾಡುವವರ ಸ್ಪರ್ಧೆಯಲ್ಲಿ ಬರಿಗಾಲಿನವಳು ಗೆದ್ದರೆ ನೋಡಿದವರು ಏನಂದಾರು? ಮರುದಿನ ಬೆಳಿಗ್ಗೆ ವೇದಿಕೆಗೆ ಕರೆದು, ರಿಬ್ಬನ್ ಕಟ್ಟಿದ ಪೆಟ್ಟಿಗೆ ಅವಳ ಕೈಗಿಟ್ಟು, "ನಮ್ಮ ಹೊಸ ಶೂ, ನಮ್ಮ ಜೋಡಿಯಕ್ಕನಿಗೆ" ಅಂದರು. ಚಪ್ಪಾಳೆಯೋ ಚಪ್ಪಾಳೆ. ಬೇಡ ಅನ್ನುವುದು ಹೇಗೆ? ಅಲ್ಲೇ ಕುರ್ಚಿ ಹಾಕಿ ಕೂರಿಸಿದರು. ಶೂ ಹೊಲಿದವನೇ ಗಂಡ, ಅವನೇ ಬಂದು ಕಾಲಿಗೆ ತೊಡಿಸಿದ.

"ಎಡಗಾಲಿಂದು ಬಿಗಿ ರೀ" ಅಂದಳು ಮೆಲ್ಲಗೆ.

ಅವನು ಲೇಸು ಕಟ್ಟುತ್ತಿದ್ದ, ತಲೆ ಎತ್ತಲಿಲ್ಲ. "ಹೊಸದಲ್ವಾ. ನಾಲ್ಕು ಹೆಜ್ಜೆ ಹಾಕಿದ್ರೆ ಸಡಿಲ ಆಗುತ್ತೆ" ಅಂದ.

ಆಗಲಿಲ್ಲ. ಬೆರಳುಗಳು ಒಳಗೇ ಮುದುರಿಕೊಂಡವು, ಕಾಲೂರಲು ಜಾಗ ಸಾಲದೆ ಅವಳು ಪಾದದ ಹೊರಬದಿಯ ಮೇಲೆ ಭಾರ ಹಾಕಿ ಓಡಿದಳು. ಬಿಚ್ಚಿ ಎಸೆಯೋಣ ಅಂದರೆ ರಸ್ತೆಯ ಎರಡೂ ಕಡೆ ಕಂಪನಿಯ ಜನ ಕ್ಯಾಮೆರಾ ಹಿಡಿದು ನಿಂತಿದ್ದರು. ನೀರಿನ ಟ್ಯಾಂಕಿನ ಹತ್ತಿರದ ತಿರುವಿನಲ್ಲಿ ಪಾದ ಹೊರಳಿತು. ಪಾದದ ಹೊರಬದಿಯ ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು.

ಇಷ್ಟಾದ ಮೇಲೆ ಯಾರಿಗಾದರೂ ಶೂ ಮೇಲೆ ಅನುಮಾನ ಬರಬೇಕಲ್ಲ? ಬರಲಿಲ್ಲ ನೋಡಿ. ಹಣ್ಣಿನ ಬುಟ್ಟಿ ಮೇಜಿನ ಮೇಲಿಡುತ್ತಾ ಮ್ಯಾನೇಜರು ತೀರ್ಪು ಕೊಟ್ಟೇಬಿಟ್ಟರು. "ಇಷ್ಟು ವರ್ಷ ಬರಿಗಾಲಲ್ಲಿ ಓಡಿ ಓಡಿ ಮೂಳೆ ಸವೆದುಹೋಗಿತ್ತು. ಶೂ ಇದ್ದಿದ್ದಕ್ಕೆ ಇಷ್ಟರಲ್ಲೇ ಹೋಯ್ತು ಅಂದ್ಕೊಳ್ಳಿ." ಮಂಚದ ಪಕ್ಕ ನಿಂತಿದ್ದ ಗಂಡ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಆ ಮಾತು ಬಾಯಿಂದ ಬಾಯಿಗೆ ಹೋಗುತ್ತಾ ಗಿಡ್ಡವಾಯಿತು. ಅವಳು ಊರುಗೋಲು ಹಿಡಿದು ಕೆಲಸಕ್ಕೆ ಮರಳುವ ಹೊತ್ತಿಗೆ ಉಳಿದಿದ್ದು ಇಷ್ಟೇ: ಬರಿಗಾಲಲ್ಲಿ ಓಡಿ ಕಾಲು ಮುರಿದುಕೊಂಡಳು. ಶೂ ಕಥೆಯಿಂದಲೇ ಮಾಯ. ಕಣ್ಣಾರೆ ನೋಡಿದ್ದ ಜನವೇ ಹಾಗೆ ಹೇಳತೊಡಗಿದರು. ಬೆಳಿಗ್ಗೆ ಪಾಳಿ ಶುರುವಾಗುವ ಮುಂಚೆ ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಸೇಫ್ಟಿ ಸಾಹೇಬರು ಬುದ್ಧಿ ಹೇಳುವುದು ವಾಡಿಕೆ. ಮಾತಿಗೆ ಬರಗಾಲ ಬಂದ ದಿನ ಅವಳತ್ತ ಕೈ ತೋರಿಸಿ, "ಉದಾಹರಣೆ ಬೇಕಾದ್ರೆ ನಮ್ಮ ಜೋಡಿಯಕ್ಕ ಇಲ್ಲೇ ಇದ್ದಾರೆ" ಅನ್ನುತ್ತಿದ್ದರು. ಹೀಗೆ ದಿನಾ ಕೇಳಿದರೆ ಕಲ್ಲೂ ನಂಬುತ್ತದೆ. ಅವಳೂ ಅರ್ಧ ನಂಬಿಬಿಟ್ಟಳು, ಹಾಳಾಗಿಹೋಗಲಿ.

ಮನೆಯಲ್ಲಿ ಗಂಡನ ಸೇವೆಗೆ ಕೊರತೆ ಇರಲಿಲ್ಲ. ಬಚ್ಚಲಿಗೆ ಹೆಗಲು ಕೊಟ್ಟು ಕರೆದುಕೊಂಡು ಹೋದ, ಅಡುಗೆ ಮಾಡಿದ, ಪ್ಲಾಸ್ಟರ್ ಬಿಚ್ಚಿದ ದಿನದಿಂದ ಸಂಜೆ ಸಂಜೆ ಬಟ್ಟಲಲ್ಲಿ ಎಣ್ಣೆ ಬಿಸಿಮಾಡಿ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದ. ಅಕ್ಕಪಕ್ಕದವರು "ಇಂಥ ಗಂಡ ಸಿಗಬೇಕಾದ್ರೆ ಪುಣ್ಯ ಮಾಡಿರ್ಬೇಕು" ಅಂದರು. ಅವಳಿಗೂ ಹಾಗೇ ಅನಿಸಿತ್ತು.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಫಿಸಿಯೋ ಹುಡುಗಿ ಒಂದು ದಿನ ಪಾದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮೂಳೆ ಚೆನ್ನಾಗಿ ಕೂಡಿಕೊಂಡಿದೆ. ಇನ್ನು ಓಡಬಹುದು" ಅಂದಳು.

"ಬರಿಗಾಲಲ್ಲಿ?"

"ಬರಿಗಾಲಲ್ಲೇ ಓಡಿ, ಅಭ್ಯಾಸ ಇರೋದು ಅದೇ ತಾನೆ. ಆದ್ರೆ ಹೊಸಬರ ಥರ ಶುರು ಮಾಡಿ. ಇಷ್ಟು ತಿಂಗಳು ಸುಮ್ನೆ ಕೂತಿದೆ, ಕಾಲಿಗೂ ಮರೆತಿರುತ್ತೆ."

ಅವಳು ಹೇಳಿದ್ದನ್ನೆಲ್ಲ ಜೋಡಿಯಕ್ಕ ಶ್ರದ್ಧೆಯಿಂದ ಮಾಡಿದಳು. ನೆಲದ ಮೇಲೆ ಟವೆಲು ಹಾಸಿ ಬೆರಳುಗಳಿಂದ ಮುದುರಿ ಎಳೆದಳು. ಹಲ್ಲುಜ್ಜುವಾಗ ಎಡಗಾಲೊಂದರ ಮೇಲೆ ನಿಂತಳು. ಅತ್ತೆ ಬಾಗಿಲಲ್ಲಿ ನಿಂತು, "ಮತ್ತೆ ಮುರ್ಕೊಂಡ್ರೆ ನಾನಂತೂ ಸೇವೆ ಮಾಡೋಳಲ್ಲ, ಈಗ್ಲೇ ಹೇಳಿದೀನಿ" ಅಂದರು. ಅಂದವರೇ ಹೋಗಿ ಇನ್ನೂ ದಪ್ಪನೆಯ ಟವೆಲು ಹುಡುಕಿ ತಂದುಕೊಟ್ಟರು. ಗಂಡ ಮಾತ್ರ, ಯಾವತ್ತೂ ಯಾವುದಕ್ಕೂ ಬೇಡ ಅನ್ನದವನು, ಈಗ ಹಠ ಹಿಡಿದ. "ಓಡೋದು ಬೇಡ. ಬರಿಗಾಲಂತೂ ಬೇಡವೇ ಬೇಡ. ಮನೆಯೊಳಗೂ ಚಪ್ಪಲಿ ಹಾಕ್ಕೋ" ಅಂತ ಹೇಳಿ ಮೆತ್ತನೆಯ ಚಪ್ಪಲಿ ತಂದಿಟ್ಟ.

ಅವಳು ಕೇಳಲಿಲ್ಲ, ಹೋದಳು. ಶಾಲೆಯ ಕಾವಲುಗಾರ ಗೇಟು ತೆಗೆದು, "ಬನ್ನಿ ಬನ್ನಿ, ಬಹಳ ದಿನ ಆಯ್ತು" ಅಂದ. ಚಪ್ಪಲಿ ಕಂಬದ ಬುಡದಲ್ಲಿ ಬಿಟ್ಟು ಮಣ್ಣಿನ ಮೇಲೆ ಕಾಲಿಟ್ಟಳು. ಅಯ್ಯೋ, ಅದು ಅವಳ ಕಾಲೇ ಅಲ್ಲ! ಹಸುಗೂಸಿನ ಕೆನ್ನೆಯಷ್ಟು ಮೆತ್ತಗಾಗಿದ್ದ ಅಂಗಾಲಿಗೆ ಸಾಸಿವೆಯಷ್ಟು ಕಲ್ಲು ತಾಗಿದರೂ ಜೀವ ಹೋಗುತ್ತಿತ್ತು. ಕುಂಟುತ್ತಾ, ಬೈದುಕೊಳ್ಳುತ್ತಾ ಮೈದಾನದ ಒಂದು ಬದಿ ಮುಗಿಸುವಷ್ಟರಲ್ಲಿ ಮೀನಖಂಡ ಕಲ್ಲಾಯಿತು. ಹಿಂದೆ ಉಸಿರು ಬಿಡದೆ ಹತ್ತು ಸುತ್ತು ಹಾಕುತ್ತಿದ್ದ ಮೈದಾನ ಅದು. ಕಂಬಕ್ಕೆ ಒರಗಿ ಅತ್ತಳು. ನೋವಿಗಲ್ಲ, ಸಿಟ್ಟಿಗೆ.

ಹಾಗೂ ಹೀಗೂ ದಿನಾ ಹೋದಳು. ಒಂದು ಬದಿ ಓಡುವುದು, ಒಂದು ಬದಿ ನಡೆಯುವುದು. ಅಂಗಾಲು ನಿಧಾನಕ್ಕೆ ಗಟ್ಟಿಯಾಗುತ್ತಿತ್ತು. ಅಷ್ಟರಲ್ಲಿ ಒಂದು ದಿನ ಮೀನಖಂಡ ಹಿಡಿದುಕೊಂಡು ಕಾರ್ಖಾನೆಯ ಮೆಟ್ಟಿಲಿನಲ್ಲಿ ಕುಂಟಿದಳು. ಅದು ಸೇಫ್ಟಿ ಸಾಹೇಬರ ಕಣ್ಣಿಗೆ ಬೀಳಬೇಕೇ? ಮರುದಿನ ಸಾಲಿನ ಮುಂದೆ ನಿಂತು, "ಕೆಲವರಿಗೆ ಒಂದ್ಸಲ ಮುರಿದ್ರೆ ಸಾಲಲ್ಲ. ಅಕ್ಕ ಮತ್ತೆ ಶುರು ಮಾಡಿದಾರಂತೆ" ಅಂದರು. ಸಾಲು ಗೊಳ್ಳೆಂದು ನಕ್ಕಿತು. ಗಂಡ ಸಾಲಿನ ಕೊನೆಯಲ್ಲಿ ನಿಂತು ನೆಲ ನೋಡುತ್ತಿದ್ದ. ಮನೆಗೆ ಬಂದು, "ನಾನು ಹೇಳಿಲ್ವಾ?" ಅಂದ. ಅವಳಿಗೆ ಸಾಕಾಗಿಹೋಯಿತು. ಮರುದಿನ ಬೆಳಿಗ್ಗೆ ಎಚ್ಚರವಾದರೂ ಏಳಲಿಲ್ಲ, ಅದರ ಮರುದಿನವೂ ಏಳಲಿಲ್ಲ. ಬಹುಶಃ ನನ್ನ ಕಾಲೇ ಸರಿಯಿಲ್ಲ, ಎಲ್ಲರೂ ಹೇಳುವುದೇ ನಿಜವಿರಬೇಕು, ಇನ್ನು ಓಟದ ಆಸೆ ಬಿಟ್ಟುಬಿಡಬೇಕು ಅಂದುಕೊಂಡಳು.

ಆ ವಾರದ ರಜೆಯ ದಿನ ಅತ್ತೆ ಅಟ್ಟ ಖಾಲಿ ಮಾಡಿಸಲು ಹೊರಟರು. ಅವಳು ಸ್ಟೂಲು ಹತ್ತಿ ಒಂದೊಂದೇ ಸಾಮಾನು ಇಳಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಕೊಟ್ಟಿದ್ದ ಪ್ಲಾಸ್ಟಿಕ್ ಚೀಲ ಸಿಕ್ಕಿತು, ಒಳಗೆ ಆ ಶೂ. ಅವತ್ತು ನರ್ಸು ಬಿಚ್ಚಿ ಹಾಕಿದ್ದು, ಆಮೇಲೆ ಅದರ ಮುಖ ನೋಡಲು ಅವಳಿಗೆ ಮನಸ್ಸಾಗಿರಲಿಲ್ಲ.

"ಹೊಸದಾಗೇ ಇದೆಯಲ್ಲೇ, ಯಾರಿಗಾದ್ರೂ ಕೊಟ್ಬಿಡು" ಅಂದರು ಅತ್ತೆ.

ಅವಳು ಚೀಲದಿಂದ ಶೂ ತೆಗೆದಳು. ಕೈಗೆ ಅಭ್ಯಾಸ. ಒಂದು ಎಡ, ಒಂದು ಬಲ, ಸೋಲಿಗೆ ಸೋಲ್ ಕೂಡಿಸಿದಳು. ಹಿಮ್ಮಡಿ ಕೂತಿತು, ತುದಿ ಕೂರಲಿಲ್ಲ. ತಿರುಗಿಸಿ ಮತ್ತೆ ಕೂಡಿಸಿದಳು, ಮತ್ತೆ ಕೂರಲಿಲ್ಲ. ಎಡಗಾಲಿನದ್ದು ತುದಿಯಲ್ಲಿ ಉಗುರಿನಷ್ಟು ಗಿಡ್ಡ. ಅಗಲದಲ್ಲೂ ಕಡಿಮೆ. ಒಂದು ಸೈಜು ಚಿಕ್ಕದು, ಅನುಮಾನವೇ ಇಲ್ಲ. ಊರವರ ಜೋಡಿಯನ್ನೆಲ್ಲ ನೋಡಿ ಕಳಿಸುವವಳು ತನ್ನ ಜೋಡಿಯನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಶೂ ಅವಳ ಮೇಜಿಗೆ ಬಂದೇ ಇರಲಿಲ್ಲವಲ್ಲ, ಮಾದರಿ ಕೋಣೆಯಿಂದ ನೆಟ್ಟಗೆ ವೇದಿಕೆಗೆ ಹೋಗಿತ್ತು. ಆ ಕಾರ್ಖಾನೆಯಲ್ಲಿ ಯಾರೂ ಜೋಡಿ ನೋಡದೆ ಹೊರಗೆ ಬಿಟ್ಟ ಒಂದೇ ಒಂದು ಜೋಡಿ ಅವಳ ಕಾಲಿಗೇ ಬಂದಿತ್ತು. ಅವಳು ಜೋಡಿ ಹಿಡಿದುಕೊಂಡೇ ಸ್ಟೂಲಿನಿಂದ ಧಡಕ್ಕನೆ ಇಳಿದಳು.

"ಯಾಕೇ, ಹಲ್ಲಿ ಕಂಡ್ಯಾ?" ಅಂದರು ಅತ್ತೆ.

ಗಂಡ ತರಕಾರಿ ಚೀಲ ಹಿಡಿದು ಬಂದ. ಅವಳು ಎರಡೂ ಶೂಗಳನ್ನು ಸೋಲಿಗೆ ಸೋಲ್ ಕೂಡಿಸಿ ಅವನ ಮುಖದ ಮುಂದೆ ಹಿಡಿದಳು. ಅವನು ಚೀಲವನ್ನು ನೆಲದ ಮೇಲಿಟ್ಟು ಪಕ್ಕದಲ್ಲೇ ಕೂತುಬಿಟ್ಟ.

"ನಿಮ್ಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಯಾಕೆ ಹೀಗೆ ಹೊಲಿದ್ರಿ?"

"ನಮ್ಮ ಕೋಣೆಯಲ್ಲಿರೋದೆಲ್ಲ ಬಲಗಾಲಿನ ಅಚ್ಚು. ಎಡಗಾಲಿಂದು ಅಂತ ಇದ್ದಿದ್ದು ಒಂದೇ, ಅದು ಚಿಕ್ಕದು. ನಿನ್ನ ಸೈಜಿಂದು ಜೋಡಿ ಹೊಲಿಯೋ ದೊಡ್ಡ ವಿಭಾಗದ ಬೀರುವಿನಲ್ಲಿತ್ತು. ಬೀಗ ಹಾಕಿತ್ತು, ಮ್ಯಾನೇಜರನ್ನ ಕೇಳಬೇಕಾಗಿತ್ತು."

"ಕೇಳೋಕೆ ಏನಾಗಿತ್ತು, ನಾಲಿಗೆ ಬಿದ್ಹೋಗಿತ್ತಾ?"

"ಬೆಳಿಗ್ಗೆ ಬೇಕು, ಕಾರಣಗಿರಣ ಹೇಳ್ಬೇಡ ಅಂದಿದ್ರು. ಒಂದು ದಿನದ ಮಟ್ಟಿಗೆ ತಾನೆ ಅಂದ್ಕೊಂಡೆ. ನೀರು ಹಚ್ಚಿ ಎಳೆದಿದ್ದೆ, ಸ್ವಲ್ಪ ಹಿಗ್ಗುತ್ತೆ ಅಂತ."

ಅವಳಿಗೆ ಮೈಯೆಲ್ಲ ಉರಿಯಿತು. ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಮುರಿದಿದ್ದಕ್ಕೆ ನಂಗೆ ಸಿಟ್ಟಿಲ್ಲ ರೀ. ಮೂಳೆ ಮುರಿದಿತ್ತು, ಕೂಡ್ಕೊಳ್ತು. ಇಷ್ಟು ತಿಂಗಳು ಈ ಕಾಲನ್ನ ತೊಡೆ ಮೇಲಿಟ್ಕೊಂಡು ಎಣ್ಣೆ ತಿಕ್ತಾ ತಿಕ್ತಾ, ಬರಿಗಾಲು ಬೇಡ ಬರಿಗಾಲು ಬೇಡ ಅಂತ ಈ ಕಾಲಿಗೇ ಬೈದ್ರಲ್ಲ. ಗೋಡೆ ಮೇಲೆ ಇದರ ಮಾನ ಹರಾಜು ಹಾಕಿದಾರೆ, ದಿನಾ ಅದರ ಮುಂದೇನೇ ಹಾದು ಹೋಗ್ತೀರಲ್ಲ. ಓಡೋದನ್ನೇ ಬಿಟ್ಬಿಡ್ತಿದ್ದೆ ನಾನು. ಆಗ್ಲೂ ಸುಮ್ನೆ ಇರ್ತಿದ್ರಿ ಅಲ್ವಾ?"

"ಕೆಲಸ ಹೋಗುತ್ತೆ ಅಂತ ಭಯ" ಅಂದ ಅವನು. ಆಮೇಲೆ ಮೆಲ್ಲಗೆ, "ಮೊದಲನೇ ದಿನ ಹೇಳಿಬಿಡಬೇಕಿತ್ತು. ಆಮೇಲೆ ಹೇಗೆ ಹೇಳೋದು ಅಂತಲೇ ಗೊತ್ತಾಗ್ಲಿಲ್ಲ" ಅಂದ.

ಅತ್ತೆ ಅಷ್ಟು ಹೊತ್ತೂ ಮಗನನ್ನೇ ನೋಡುತ್ತಿದ್ದರು. ಸೊಸೆಗೆ ಬೆಂಬಲವಾಗಿ ಜನ್ಮದಲ್ಲಿ ಮಾತಾಡದ ಹೆಂಗಸು. ಈಗ ಬಾಯಿ ಬಿಟ್ಟರು. "ಅವನ ಕಾಲಿಗೂ ಒಂದು ಚಿಕ್ಕ ಸೈಜಿಂದು ಹಾಕ್ಸು. ಹಾಕ್ಸಿ ನಡೆಸು. ಆಗ ಗೊತ್ತಾಗುತ್ತೆ."

ಜೋಡಿಯಕ್ಕನ ಮೇಜಿನ ಕೆಳಗಿನ ಬುಟ್ಟಿಯಲ್ಲಿ ಜೋಡಿ ಸಿಗದ ಒಂಟಿ ಶೂಗಳಿಗೇನು ಬರವೇ? ಬೇಕಾದವರು ಹೇಳಿ ಒಯ್ಯಬಹುದು. ಮರುದಿನ ಗಂಡನ ಸೈಜಿಗಿಂತ ಒಂದು ಚಿಕ್ಕದು, ಎಡಗಾಲಿನದ್ದು, ಹುಡುಕಿ ಮನೆಗೆ ತಂದಳು. ಅದರ ಮರುದಿನ ಬೆಳಿಗ್ಗೆ ಬೇಗ ಎದ್ದು ಅವನ ಮುಂದಿಟ್ಟಳು.

"ಮೈದಾನದ ತನಕ ಹಾಕ್ಕೊಂಡು ಬನ್ನಿ."

ಎದುರು ಮಾತಾಡದವನಲ್ಲವೇ, ಬಲಗಾಲಿಗೆ ತನ್ನದು, ಎಡಗಾಲಿಗೆ ಅವಳು ಕೊಟ್ಟಿದ್ದು ಹಾಕಿಕೊಂಡು ಹೊರಟ. ಬೀದಿ ಅರ್ಧ ದಾಟುವಷ್ಟರಲ್ಲಿ ಕಾಲೆಳೆಯತೊಡಗಿದ. "ತುಂಬಾ ಬಿಗಿ ಕಣೇ" ಅಂದ.

"ಹೊಸದಲ್ವಾ. ನಾಲ್ಕು ಹೆಜ್ಜೆ ಹಾಕಿ, ಸಡಿಲ ಆಗುತ್ತೆ" ಅಂದಳು ಅವಳು, ಹಿಂದಿರುಗಿ ನೋಡದೆ.

ಮೈದಾನದಲ್ಲಿ ಚಪ್ಪಲಿ ಬಿಟ್ಟು ಓಡಿದಳು. ಸಿಟ್ಟೇ ಎಳೆದುಕೊಂಡು ಹೋಯಿತೋ, ಇಲ್ಲ ಕಾಲಿಗೆ ನೆನಪು ಬಂತೋ, ಮುರಿದ ಮೇಲೆ ಮೊದಲ ಸಲ ಒಂದು ಪೂರ್ತಿ ಸುತ್ತು ನಿಲ್ಲದೆ ಓಡಿದಳು. ಎಡಪಾದ ಚಪ್ಪಟೆಯಾಗಿ, ಐದೂ ಬೆರಳು ಅಗಲಿಸಿಕೊಂಡು, ಮಣ್ಣಿನ ಮೇಲೆ ನೆಟ್ಟಗೆ ಕೂರುತ್ತಿತ್ತು. ಈ ಪಾದದಲ್ಲಿ ಯಾವತ್ತೂ ಏನೂ ತಪ್ಪಿರಲಿಲ್ಲ. ಅವನು ಕಂಬದ ಹತ್ತಿರ ಒಂಟಿಕಾಲಲ್ಲಿ ನಿಂತು ನೋಡುತ್ತಿದ್ದ. ಸುತ್ತು ಮುಗಿಸಿ ಬಂದು, "ಬಿಚ್ಚಿ ಇನ್ನು" ಅಂದಳು.

ಅವನು ಬಿಚ್ಚಲಿಲ್ಲ. ಮನೆಗೂ ಅದರಲ್ಲೇ ಬಂದ, ಕಾರ್ಖಾನೆಗೂ ಅದರಲ್ಲೇ ಹೊರಟ. ಇದನ್ನು ಅವಳು ಹೇಳಿರಲಿಲ್ಲ.

ಅಂಗಳದಲ್ಲಿ ಸಾಲು ನಿಂತಿತು. ಅವನು ಎಲ್ಲರಿಗಿಂತ ಕೊನೆಗೆ ಕುಂಟಿಕೊಂಡು ಬಂದ. ಸೇಫ್ಟಿ ಸಾಹೇಬರಿಗೆ ಕೇಳಬೇಕೇ, ಬೆಳಗಿನ ಭಾಷಣಕ್ಕೆ ವಸ್ತು ತಾನಾಗಿ ನಡೆದು ಬಂದಿತ್ತು.

"ಏನಪ್ಪಾ, ಹೆಂಡತಿ ನಿನಗೂ ಬರಿಗಾಲಲ್ಲಿ ಓಡೋದು ಕಲಿಸಿದ್ಲಾ?"

ಸಾಲು ನಕ್ಕಿತು. ಅವಳು ನಗಲಿಲ್ಲ, ಅವನನ್ನೇ ನೋಡುತ್ತಿದ್ದಳು. ಇವತ್ತೂ ಇವನು ನೆಲ ನೋಡಿದರೆ ಇನ್ನು ಈ ಜನ್ಮದಲ್ಲಿ ಇವನ ಕೈಗೆ ಕಾಲು ಕೊಡುವುದಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡಳು.

"ಇಲ್ಲ ಸಾರ್" ಅಂದ ಅವನು. ದನಿ ಸಣ್ಣದಿತ್ತು, ಆದರೆ ಅಂಗಳ ಚಿಕ್ಕದು, ಎಲ್ಲರಿಗೂ ಕೇಳಿಸಿತು. "ಎಡಗಾಲಿನ ಶೂ ಒಂದು ಸೈಜ್ ಚಿಕ್ಕದು. ಅವತ್ತು ಓಟಕ್ಕೆ ನಾನು ಇವಳಿಗೆ ಹೊಲಿದುಕೊಟ್ಟಿದ್ದೂ ಇಂಥದ್ದೇ. ಸರಿಯಾದ ಅಚ್ಚಿರಲಿಲ್ಲ, ಕೇಳೋಕೆ ಹೆದರಿದೆ. ಇವಳ ಕಾಲು ಮುರಿದಿದ್ದು ಶೂನಿಂದ. ಬರಿಗಾಲಿಂದ ಅಲ್ಲ."

ನಗು ಅಲ್ಲಲ್ಲೇ ಸತ್ತಿತು. ಸೇಫ್ಟಿ ಸಾಹೇಬರು ಗಂಟಲು ಸರಿಮಾಡಿಕೊಂಡು, "ಸರಿ, ಇವತ್ತು ಬೆಂಕಿ ಆರಿಸೋ ಸಿಲಿಂಡರ್ ಬಗ್ಗೆ ಮಾತಾಡೋಣ" ಅಂದರು.

ಮಧ್ಯಾಹ್ನದ ಊಟದ ಹೊತ್ತಿಗೆ ಗೋಡೆಯ ಮೇಲಿನ ಕಾಲು ಹೋಗಿತ್ತು. ನಾಲ್ಕು ಮೂಲೆಯಲ್ಲಿ ಟೇಪಿನ ಗುರುತು ಮಾತ್ರ ಉಳಿದಿತ್ತು. ತಪ್ಪಾಯ್ತು ಅಂತ ಮ್ಯಾನೇಜರು ಬರಲಿಲ್ಲ, ಸಾಹೇಬರು ಬರಲಿಲ್ಲ, ಹಲ್ಲು ಕಿರಿದಿದ್ದವರಲ್ಲಿ ಒಬ್ಬರೂ ಬರಲಿಲ್ಲ. ಹಣ್ಣಿನ ಬುಟ್ಟಿ ಹಿಡಿದು ಬರುವುದಕ್ಕೆ ಇರುವ ಕಾಲು ತಪ್ಪು ಒಪ್ಪಿಕೊಳ್ಳುವುದಕ್ಕೆ ಇರುವುದಿಲ್ಲ ಈ ಜನಕ್ಕೆ. ಗಂಡನನ್ನು ಮಾತ್ರ ಸಂಜೆಯೊಳಗೆ ಮಾದರಿ ಕೋಣೆಯಿಂದ ತೆಗೆದು ಸೋಲ್ ಅಂಟಿಸುವ ಸಾಲಿಗೆ ಹಾಕಿದರು. ಆತುರ ಮಾಡಿದವರಿಗೆ ಏನೂ ಆಗಲಿಲ್ಲ, ಹೊಲಿದವನಿಗೆ ಆಯಿತು. ಇದಕ್ಕೂ ಅವಳಿಗೆ ಸಿಟ್ಟು ಬಂತು. ಅವನ ಮೇಲಿನ ಸಿಟ್ಟು ಹಾಗೇ ಇರುವಾಗಲೇ ಅವನ ಪರವಾಗಿಯೂ ಸಿಟ್ಟು ಬಂದಿದ್ದು ಅವಳಿಗೇ ಸೋಜಿಗವಾಯಿತು.

ಸಂಜೆ ಮನೆಯಲ್ಲಿ ಅವನು ಶೂ ಬಿಚ್ಚಿದ. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಪಾದದ ಪಕ್ಕ ಗುಳ್ಳೆ ಎದ್ದಿತ್ತು. ಅತ್ತೆ ಅದನ್ನು ನೋಡಿಯೂ ನೋಡದವರಂತೆ ಒಳಗೆ ಹೋದರು. ಅವನು ಎಂದಿನಂತೆ ಎಣ್ಣೆ ಬಿಸಿಮಾಡಿ ಬಟ್ಟಲು ತಂದು, ನೆಲದ ಮೇಲೆ ಕೂತು, ಅವಳ ಎಡಗಾಲಿಗೆ ಕೈ ಚಾಚಿದ. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಬಟ್ಟಲನ್ನು ಅವನ ಕಡೆಗೇ ಸರಿಸಿದಳು.

"ನಿಮ್ಮ ಕಾಲಿಗೆ ಹಚ್ಕೊಳ್ಳಿ. ನನ್ನ ಕಾಲಿಗೆ ಇನ್ನು ಇದೆಲ್ಲ ಬೇಡ, ಅಂಗಾಲು ಮೆತ್ತಗಾಗುತ್ತೆ. ಬೆಳಿಗ್ಗೆ ಅದಕ್ಕೆ ಕೆಲಸ ಇದೆ."